ಹುಕ್ಕೇರಿ ಕೊಠಡಿಯ ಡಸ್ಟರ್

ಗೋಕಾಕ
10 ಆಗಸ್ಟ್ 2024

ಶೋಭಕ್ಕನವರಿಗೆ ಶರಣು.

ವಾರಕ್ಕೆ ಮೂರು ದಿನ ನಿಮ್ಮ ಮುಖ ನೋಡುತ್ತೇನೆ, ಆದರೂ ಪತ್ರ ಬರೆಯಬೇಕಾಗಿದೆ. ಪರದೆಯ ಮೇಲೆ ಮಾತಾಡಿದ್ದೆಲ್ಲ ರೆಕಾರ್ಡ್ ಆಗುತ್ತದೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಅದಕ್ಕೇ ಹಾಜರಿ ಪಟ್ಟಿಯ ಟಪಾಲು ಚೀಲದಲ್ಲಿ ಇದನ್ನಿಟ್ಟು, ಶನಿವಾರಕ್ಕೊಮ್ಮೆ ಹುಕ್ಕೇರಿಯಿಂದ ಬರುವ ನಿಮ್ಮ ಸಿಪಾಯಿ ಮಾಯಪ್ಪನ ಕೈಗೆ ಕೊಡುತ್ತಿದ್ದೇನೆ.

ಈ ಜೋಡು ಕ್ಲಾಸು ನನ್ನ ಯೋಚನೆಯಲ್ಲ. ಗೋಕಾಕದಲ್ಲೂ ಹುಕ್ಕೇರಿಯಲ್ಲೂ ಎಂ.ಎ. ಅರ್ಥಶಾಸ್ತ್ರಕ್ಕೆ ವಿದ್ಯಾರ್ಥಿಗಳು ಕಡಿಮೆ, ಇಬ್ಬರು ಅತಿಥಿ ಉಪನ್ಯಾಸಕಿಯರು ಏಕೆ ಎಂದು ಆಡಳಿತ ಮಂಡಳಿ ಕೇಳಿತು. ಗೋಕಾಕದ ಕೊಠಡಿಯಲ್ಲಿ ನಾನು ಪಾಠ ಮಾಡುವುದು, ಹುಕ್ಕೇರಿಯವರು ತಮ್ಮ ಕೊಠಡಿಯಲ್ಲಿ ಕುಳಿತು ಪರದೆಯ ಮೇಲೆ ನೋಡುವುದು, ಮೂಡಲಗಿ ಕಡೆಯ ಹಳ್ಳಿಗಳವರು ಮನೆಯಲ್ಲೇ ಫೋನಿನಲ್ಲಿ ಸೇರುವುದು ಎಂದು ಅವರೇ ನಿರ್ಧರಿಸಿದರು. ನಿಮ್ಮನ್ನು ಪಾಠದಿಂದ ತೆಗೆದು ‘ಕೊಠಡಿ ಸಂಯೋಜಕಿ’ ಮಾಡಿದ ಆದೇಶವನ್ನು ನಾನು ನೋಡಿದ್ದು ನೀವು ನೋಡಿದ ದಿನವೇ.

ಇದು ಒಂದು ವರ್ಷದ ಪ್ರಯೋಗ. ಫೆಬ್ರುವರಿಯಲ್ಲಿ ಪರಿಶೀಲನಾ ಸಮಿತಿ ಬರುತ್ತದೆ. ಹುಕ್ಕೇರಿಗೆ ಉಪನ್ಯಾಸಕಿ ಬೇಕೇಬೇಕು ಎಂದು ಅವರಿಗೆ ಅನಿಸಿದರೆ ನಿಮ್ಮ ಹುದ್ದೆ ನಿಮಗೆ ಮರಳುತ್ತದೆ. ಅಲ್ಲಿಯವರೆಗೆ ಹೇಗೋ ನಡೆಸಿಕೊಂಡು ಹೋಗೋಣ.

ಒಂದು ತೊಂದರೆ ಇದೆ. ನಿಮ್ಮ ಕೊಠಡಿಯ ಮೈಕ್ ತೆರೆದಿದ್ದರೆ ನನ್ನ ಮಾತೇ ಗೂಂಯ್ ಎಂದು ತಿರುಗಿ ಬರುತ್ತದೆ, ಇಲ್ಲಿಯವರು ನಗುತ್ತಾರೆ. ಹಾಗಾಗಿ ಹುಕ್ಕೇರಿಯ ಮೈಕನ್ನು ಮುಚ್ಚಿಯೇ ಇಡುತ್ತಿದ್ದೇನೆ. ಅದನ್ನು ತೆರೆಯುವ ಗುಂಡಿ ನನ್ನ ಕಂಪ್ಯೂಟರಿನಲ್ಲಿ ಮಾತ್ರ ಇದೆ. ಹುಡುಗರು ಏನೇನೋ ಬರೆಯುತ್ತಾರೆಂದು ಆಫೀಸಿನವರು ಚಾಟನ್ನೂ ಬಂದ್ ಮಾಡಿಸಿದ್ದಾರೆ. ಯಾರಿಗಾದರೂ ಪ್ರಶ್ನೆ ಇದ್ದರೆ ನೀವು ಕ್ಯಾಮೆರಾದ ಎದುರು ಏನಾದರೂ ಎತ್ತಿ ಹಿಡಿಯಿರಿ. ಕೂಡಲೇ ತೆರೆಯುತ್ತೇನೆ.

ನನ್ನ ಮೊದಲ ಪಾಠದ ದಿನ ಕೊನೆಯ ಬೆಂಚಿನಲ್ಲಿ ಕುಳಿತು ಕಣ್ಣಿನಲ್ಲೇ ಧೈರ್ಯ ಹೇಳಿದವರು ನೀವು. ಅದನ್ನು ಮರೆತಿಲ್ಲ.

ನಿಮ್ಮ
ರಾಜೇಶ್ವರಿ


ಹುಕ್ಕೇರಿ
24 ಆಗಸ್ಟ್ 2024

ರಾಜೂ,

ಪತ್ರ ಮುಟ್ಟಿತು. ಆದೇಶವನ್ನು ನೀನು ನೋಡಿದ್ದು ನಾನು ನೋಡಿದ ದಿನವೇ ಇರಬಹುದು. ಎರಡೂ ಕಡೆಯ ಪಾಠ ಮಾಡುತ್ತೇನೆಂದು ನೀನು ಒಪ್ಪಿ ಸಹಿ ಹಾಕಿದ್ದು ಅದಕ್ಕೂ ಮೊದಲಿನ ವಾರ. ಮಾಯಪ್ಪನೇ ಆ ಕಾಗದ ತಂದವನು. ಇರಲಿ.

ಡಸ್ಟರ್ ಎತ್ತುತ್ತೇನೆ. ಕೆಂಪು ಬಟ್ಟೆಯದು, ನಿನಗೆ ಕಾಣುತ್ತದೆ. ಇಲ್ಲಿ ಅದಕ್ಕೆ ಈಗ ಬೇರೆ ಕೆಲಸವೂ ಇಲ್ಲ.

ಕೆಲವು ಸಂಗತಿ ನಿನಗೆ ತಿಳಿದಿರಲಿ. ಕಿಟಕಿಯ ಬೆಳಕು ಬಿದ್ದು ಪರದೆಯ ಎಡಭಾಗ ಓದಲು ಬರುವುದಿಲ್ಲ. ನೀನು ಬೋರ್ಡಿನ ಕಡೆ ತಿರುಗಿದರೆ ದನಿ ಹೋಗುತ್ತದೆ. ಕರೆಂಟು ಹೋಗಿ ಬಂದಾಗ ನಾವು ಮತ್ತೆ ಸೇರುವಷ್ಟರಲ್ಲಿ ನೀನು ಮುಂದಿನ ಅಧ್ಯಾಯದಲ್ಲಿರುತ್ತೀ. ಹಿಡಕಲ್‌ನಿಂದ ಬರುವ ಕಾಜಲ್ ಎಂಬ ಹುಡುಗಿ ಇದ್ದಾಳೆ, ಅವಳಪ್ಪ ಡ್ಯಾಮಿನಲ್ಲಿ ದಿನಗೂಲಿ. ಬಾಯಿ ಜೋರು. ನಿನ್ನೆ ಕೇಳಿದಳು: “ಮೇಡಂ, ಗೋಕಾಕ ಮೇಡಂ ಅವ್ರಿಗಿ ನಾವು ಕಾಣತೇವೇನ್ರಿ? ಇಲ್ಲಾ ಸತ್ತವರ ಫೋಟೋ ಹಂಗ ಗ್ವಾಡಿಗಿ ತೂಗಹಾಕ್ಯಾರೇನ್ರಿ?”

ನಾನು ಅವಳನ್ನು ಗದರಿಸಿದೆ. ಉಳಿದವರೆಲ್ಲ ನಕ್ಕರು.

ಮನೆಯಲ್ಲಿ ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಾಳೆ: “ನನ್ನ ಮಗಳು ಈಗ ಕಾಲೇಜದಾಗ ಟಿವಿ ಹಚ್ಚತಾಳ. ಟಿವಿ ಹಚ್ಚಾಕ ಎಂ.ಎ. ಯಾಕ ಬೇಕಿತ್ತೊ, ಆ ಬಸವಣ್ಣಗ ಗೊತ್ತು.”

ಶೋಭಾ


ಗೋಕಾಕ
5 ಅಕ್ಟೋಬರ್ 2024

ಶೋಭಕ್ಕ, ಶರಣು.

ಬೋರ್ಡಿನ ಕಡೆ ತಿರುಗಿ ಮಾತಾಡುವುದನ್ನು ಬಿಟ್ಟಿದ್ದೇನೆ. ಈಗ ಕ್ಯಾಮೆರಾ ನೋಡಿಯೇ ಮಾತಾಡುತ್ತೇನೆ. ಅದರಿಂದ ಇಲ್ಲಿಯವರಿಗೆ ಸಿಟ್ಟು. ಮೊದಲ ಬೆಂಚಿನ ರಾಧಿಕಾ ಎದ್ದು ನಿಂತು, “ಮೇಡಂ, ನಾವು ನಿಮ್ಮ ಎದುರಿಗೇ ಕುಂತೇವಿ, ನೀವು ನಮ್ಮ ಕಡೆ ನೋಡೂದ ಇಲ್ರಿ. ನಾವೂ ಮನ್ಯಾಗ ಕುಂತ್ರ ನೋಡ್ತೀರೇನು?” ಎಂದಳು. ಯಾರ ಕಡೆ ನೋಡಿ ಪಾಠ ಮಾಡಬೇಕೆಂದು ನನಗೂ ತಿಳಿಯುತ್ತಿಲ್ಲ.

ಮನೆಯಲ್ಲಿರುವವರ ಕಥೆ ಬೇರೆ. ತುಕ್ಕಾನಟ್ಟಿಯ ಭೀಮೇಶ ಕಬ್ಬಿನ ಹೊಲದ ಬದುವಿನಿಂದ ಸೇರುತ್ತಾನೆ, ನೆಟ್ ಅಲ್ಲಿ ಮಾತ್ರ ಸಿಗುತ್ತದಂತೆ. ಮೊನ್ನೆ ಹಾಜರಿ ಕರೆದಾಗ ಅವನ ಕಡೆಯಿಂದ ಎಮ್ಮೆ ಕೂಗಿತು. “ಭೀಮೇಶಂದು ಹಾಜರಿ ಬಿತ್ರಿ” ಎಂದು ಹಿಂದಿನ ಬೆಂಚಿನವರು ಕೂಗಿದರು. ಆವತ್ತಿನಿಂದ ಅವನು ಬಾಯಿ ಬಿಟ್ಟಿಲ್ಲ. ಮಸಗುಪ್ಪಿಯ ತಾಯವ್ವನ ಹೆಸರು ಮಾತ್ರ ಪರದೆಯ ಮೇಲಿರುತ್ತದೆ. ಹೆಸರು ಕರೆದರೆ ಉತ್ತರವಿಲ್ಲ. ಹೆಸರು ಇದೆ, ಆದ್ದರಿಂದ ಹಾಜರಿ ಹಾಕುತ್ತೇನೆ.

ಮೊದಲ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿದೆ. ನನ್ನ ಎದುರಿಗೇ ಕುಳಿತವರು ಸಾಧಾರಣ. ಮನೆಯಿಂದ ಸೇರುವವರು ಬಹುಪಾಲು ನಪಾಸು. ಆದರೆ ನಿಮ್ಮ ಕೊಠಡಿಯವರೆಲ್ಲ ಪಾಸು, ಕಾಜಲ್ ಎಲ್ಲರಿಗಿಂತ ಮುಂದೆ. ಬೇಡಿಕೆಯ ಸ್ಥಿತಿಸ್ಥಾಪಕತ್ವಕ್ಕೆ ಅವಳು ಉಪ್ಪು ಮತ್ತು ಕರದಂಟಿನ ಉದಾಹರಣೆ ಬರೆದಿದ್ದಾಳೆ. ನಾನು ಆ ಉದಾಹರಣೆ ಕೊಟ್ಟಿರಲಿಲ್ಲ.

ಸೋಮವಾರ ಪಾಠ ಶುರುವಾಗುವ ಮುಂಚೆ ನಿಮ್ಮ ಬೆನ್ನ ಹಿಂದಿನ ಬೋರ್ಡ್ ಸ್ವಲ್ಪ ಕಂಡಿತು. ಸೀಮೆಸುಣ್ಣದಲ್ಲಿ ಎರಡು ಗೆರೆ, ಪಕ್ಕದಲ್ಲಿ ‘ಉಪ್ಪು’, ‘ಕರದಂಟು’. ಅಕ್ಷರ ನಿಮ್ಮದು, ಅಕ್ಕಾ.

ನಿಮ್ಮ
ರಾಜೇಶ್ವರಿ


ಹುಕ್ಕೇರಿ
19 ಅಕ್ಟೋಬರ್ 2024

ರಾಜೂ,

ಹೌದು, ನನ್ನದೇ.

ಪರದೆ ಆರಿದ ಮೇಲೆ ಬಸ್ಸು ಬರುವವರೆಗೆ ಹೊತ್ತು ಇರುತ್ತದೆ. ಮೊದಲ ತಿಂಗಳು ಹುಡುಗರು ಸುಮ್ಮನೆ ಕೂರುತ್ತಿದ್ದರು. ಒಂದು ದಿನ ಕಾಜಲ್ ಹೇಳಿದಳು: “ಮೇಡಂ, ಆ ಮೇಡಂ ಏನ್ ಹೇಳಿದ್ರು ಅಂತ ನೀವರ ಹೇಳ್ರಿ. ನೀವೂ ಕೇಳೀರಲ್ಲ?” ಹೇಳಿದೆ. ಮುಂದಿನ ಪಾಠದ ದಿನವೂ ಹೇಳಿದೆ. ಈಗ ನಿನ್ನ ಪ್ರತಿ ಪಾಠವನ್ನೂ ಮೊದಲಿನಿಂದ ಮಾಡುತ್ತೇನೆ. ನೀನು ಕೆಟ್ಟದಾಗಿ ಮಾಡುತ್ತೀ ಎಂದಲ್ಲ. ಅರ್ಧ ಕೇಳಿಸುವುದಿಲ್ಲ, ಕೇಳಿಸಿದ ಅರ್ಧದ ಬಗ್ಗೆ ಪ್ರಶ್ನೆ ಕೇಳಲು ಅವರಿಗೆ ನಾಚಿಕೆ. ಡಸ್ಟರ್ ಎತ್ತಿದ ಮೇಲೆ ಎರಡೂ ಊರು ತಿರುಗಿ ನೋಡುತ್ತವಲ್ಲ.

ಕರದಂಟಿನ ದರ ಏರಿದರೆ ಜನ ಕೊಳ್ಳುವುದು ಕಡಿಮೆ ಮಾಡುತ್ತಾರೆ, ಉಪ್ಪಿನ ದರ ಏರಿದರೆ ಬಿಡಲಾಗುವುದಿಲ್ಲ ಎಂದು ವಿವರಿಸುತ್ತಿದ್ದೆ. ಬಾಗಿಲಲ್ಲಿ ನಿಂತ ಮಾಯಪ್ಪ ತಲೆ ಹಾಕಿದ. “ತಪ್ಪ ಐತ್ರಿ ಅಕ್ಕಾರ. ನಾ ಗೋಕಾಕಕ್ಕ ಹೋಗಿ ಕರದಂಟ ತರದ ಬಂದ್ರ ನನ್ನ ಹೇಣ್ತಿ ಉಪ್ಪೂ ಹಾಕೂದಿಲ್ರಿ.” ಪಾಠ ಅಲ್ಲಿಗೇ ನಿಂತಿತು.

ಇದು ನನ್ನ ಕೆಲಸವಲ್ಲ ಎಂಬುದು ಗೊತ್ತು. ಸಂಯೋಜಕಿ ಪಾಠ ಮಾಡಬಾರದೆಂದು ಆದೇಶದಲ್ಲೇ ಇದೆ. ಸದ್ಯ ಯಾರಿಗೂ ಹೇಳಬೇಡ. ಸಮಿತಿ ಬಂದ ದಿನ ಹೇಳಬೇಕು. ಹುಕ್ಕೇರಿಯವರು ಪಾಸಾದದ್ದು ಪರದೆಯಿಂದಲ್ಲ, ಕೊಠಡಿಯಲ್ಲಿ ಒಬ್ಬರು ನಿಂತು ಪಾಠ ಮಾಡಿದ್ದರಿಂದ ಎಂದು ತಿಳಿದರೆ ಹುದ್ದೆ ತೆಗೆಯಲು ಅವರಿಗೆ ಕಾರಣ ಉಳಿಯುವುದಿಲ್ಲ.

ಆ ದಿನ ನೀನು ನನ್ನ ಕಡೆ ಇದ್ದರೆ ಸಾಕು.

ಶೋಭಕ್ಕ


ಗೋಕಾಕ
14 ಡಿಸೆಂಬರ್ 2024

ಶೋಭಕ್ಕ, ಶರಣು.

ಇಷ್ಟು ದಿನ ಬರೆಯದೇ ಇದ್ದುದಕ್ಕೆ ಬೇಜಾರಾಗಬೇಡಿ. ಸೆಮಿಸ್ಟರ್ ಕೆಲಸ ಬಹಳವಿತ್ತು.

ಫಲಿತಾಂಶ ನಿಮಗೂ ಬಂದಿರಬೇಕು. ಹುಕ್ಕೇರಿಯವರದು ಎಲ್ಲಕ್ಕಿಂತ ಮೇಲು. ಪ್ರಾಂಶುಪಾಲರು ಅದನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದರು. “ನೋಡ್ರಿ ರಾಜೇಶ್ವರಿಯವ್ರ, ಮಾಸ್ತರ ಎದುರಿಗಿ ಇಲ್ಲದ ಕಡೆನ ರಿಜಲ್ಟ್ ಚಲೋ ಬಂದೈತಿ! ಇದಕ್ಕಿಂತ ಪುರಾವೆ ಬೇಕೇನ್ರಿ?” ಎಂದರು. ಆಡಳಿತ ಮಂಡಳಿಗೂ ಹಾಗೆಯೇ ಬರೆದಿದ್ದಾರೆ. ಮುಂದಿನ ವರ್ಷ ವಾಣಿಜ್ಯ ವಿಭಾಗಕ್ಕೂ ಜೋಡು ಕ್ಲಾಸು ತರುವ ಮಾತಿದೆ.

ನಾನು ಏನೋ ಹೇಳಲು ಹೊರಟೆ. ಸದ್ಯ ಹೇಳಬೇಡ ಎಂದು ನೀವು ಬರೆದದ್ದು ನೆನಪಾಯಿತು.

ಅವರು ಇನ್ನೊಂದು ಮಾತನ್ನೂ ಹೇಳಿದರು, ನಿಮಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಹುಕ್ಕೇರಿಗೆ ಬೇರೆ ಉಪನ್ಯಾಸಕಿ ಬಂದರೆ ನನ್ನ ಪಾಠದ ಅವಧಿಗಳು ಅರ್ಧಕ್ಕೆ ಇಳಿಯುತ್ತವೆ, ಅಷ್ಟಕ್ಕೆ ಪೂರ್ಣ ನೇಮಕ ಕೊಡಲು ಬರುವುದಿಲ್ಲವಂತೆ. ಅವರು ಬೆದರಿಸಿದ್ದಲ್ಲ. ನಿಯಮ ಹೇಳಿದರು, ಚಹಾ ತರಿಸಿದರು.

ನಮ್ಮ ಮನೆಯವರಿಗೆ ಇಲ್ಲಿ ಇನ್ನೂ ಕೆಲಸ ಸಿಕ್ಕಿಲ್ಲ. ಅದು ನಿಮಗೆ ಗೊತ್ತೇ ಇದೆ.

ಚಳಿ ಹೆಚ್ಚಾಗಿದೆ. ಅವ್ವನ ಮೊಣಕಾಲು ಹೇಗಿದೆ?

ನಿಮ್ಮ
ರಾಜೇಶ್ವರಿ


ಹುಕ್ಕೇರಿ
18 ಜನವರಿ 2025

ರಾಜೂ,

ಅವ್ವನ ಮೊಣಕಾಲು ಹಾಗೆಯೇ ಇದೆ. ಬಾಯಿಗೆ ಏನೂ ಆಗಿಲ್ಲ.

ನಿನ್ನ ಪತ್ರ ಓದಿದ ದಿನ ನಾನು ಪಾಠ ನಿಲ್ಲಿಸಬೇಕೆಂದುಕೊಂಡೆ. ಹುಡುಗರು ನಪಾಸಾದರೆ ಪರದೆ ಸೋಲುತ್ತದೆ, ನನ್ನ ಹುದ್ದೆ ಬರುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಸೋಮವಾರ ಪರದೆ ಆರಿದ ಮೇಲೆ ಚೀಲ ತೆಗೆದುಕೊಂಡು ಎದ್ದೆ. ಅಷ್ಟರಲ್ಲಿ ಕಾಜಲ್ ಬೋರ್ಡ್ ಒರೆಸಿ, ತಾರೀಕು ಬರೆದು, ಸೀಮೆಸುಣ್ಣವನ್ನು ನನ್ನ ಕಡೆ ಚಾಚಿ ನಿಂತಿದ್ದಳು. ಮಾಡಿದೆ.

ಸಮಿತಿಗೆ ಅರ್ಜಿ ಬರೆದು ಕೊಟ್ಟಿದ್ದೆ. ಅರ್ಜಿ ಬೇಡ, ಸಭೆಯಲ್ಲಿ ಬಾಯಿಯಿಂದ ಹೇಳಿ ಎಂದರು. ಗೋಕಾಕಕ್ಕೆ ಬರುತ್ತೇನೆ ಎಂದೆ. ಅದೂ ಆಗದಂತೆ. ವ್ಯವಸ್ಥೆ ಹೇಗೆ ನಡೆಯುತ್ತದೆಂದು ಸಮಿತಿ ಕಣ್ಣಾರೆ ನೋಡಬೇಕಾದ್ದರಿಂದ ನಾನೂ ಹುಡುಗರೂ ನಮ್ಮ ಕೊಠಡಿಯಿಂದಲೇ ಹಾಜರಿರಬೇಕಂತೆ.

ಹೀಗಾಗಿ ಎಲ್ಲವೂ ನಿನ್ನ ಗುಂಡಿಗೆ ಬಂದು ನಿಂತಿದೆ. ಫೆಬ್ರುವರಿ ಹನ್ನೊಂದಕ್ಕೆ, ಹುಕ್ಕೇರಿಯ ಮಾತು ಬಂದಾಗ ನಾನು ಡಸ್ಟರ್ ಎತ್ತುತ್ತೇನೆ. ನೀನು ಮೈಕ್ ತೆರೆ. ಅಷ್ಟೇ ಮಾಡು. ನನ್ನ ಪರವಾಗಿ ಒಂದು ಮಾತನ್ನೂ ನೀನು ಆಡುವುದು ಬೇಡ, ನನ್ನ ಮಾತನ್ನು ನಾನೇ ಹೇಳುತ್ತೇನೆ. ನೀನು ಯಾರ ಕಡೆ ಎಂದು ಯಾರಿಗೂ ತಿಳಿಯುವುದಿಲ್ಲ.

ಇದರಿಂದ ನಿನಗೆ ಏನು ನಷ್ಟವಾಗಬಹುದೆಂದು ನನಗೆ ತಿಳಿಯದೆ ಇಲ್ಲ. ಆಗುವುದಿಲ್ಲ ಎನಿಸಿದರೆ ಈಗಲೇ ಬರೆ. ನಾನು ಸಿಟ್ಟಾಗುವುದಿಲ್ಲ, ಬೇರೆ ದಾರಿ ನೋಡುತ್ತೇನೆ. ಮಾಯಪ್ಪ ಮುಂದಿನ ಎರಡೂ ಶನಿವಾರ ಅಲ್ಲಿಗೆ ಬರುತ್ತಾನೆ.

ಶೋಭಕ್ಕ


ಗೋಕಾಕ
15 ಫೆಬ್ರುವರಿ 2025

ಶೋಭಕ್ಕ,

ಸಭೆಯ ದಿನ ಇಡೀ ವ್ಯವಸ್ಥೆಯನ್ನು ಸಮಿತಿಯವರ ಲ್ಯಾಪ್‌ಟಾಪಿಗೆ ವಹಿಸಿದ್ದರು. ನನ್ನ ಮುಂದೆ ಕಂಪ್ಯೂಟರ್ ಇತ್ತು, ಆದರೆ ಗುಂಡಿ ನನ್ನ ಕೈಯಲ್ಲಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಹಾಗೆ ಮಾಡಿದರು.

ನೀವು ಡಸ್ಟರ್ ಎತ್ತಿದ್ದು ಎಲ್ಲರಿಗೂ ಕಂಡಿತು. ಸಮಿತಿಯ ಅಧ್ಯಕ್ಷರು, “ಅದೇನ್ರಿ, ಆ ಮೇಡಂ ಅವ್ರ ಕೈಯಾಗ ಕೆಂಪಂದು?” ಎಂದು ಕೇಳಿದರು. ಪ್ರಾಂಶುಪಾಲರು, “ಏನಿಲ್ರಿ ಸರ್, ಬೋರ್ಡ್ ಒರಸಾಕತ್ತಾರ” ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಅಷ್ಟರಲ್ಲಿ ಮುಂದಿನ ವಿಷಯ ತೆಗೆದುಕೊಂಡರು. ಊಟಕ್ಕೆ ಹೋಗುವ ಅವಸರವಿತ್ತು.

ನಾನು ಆಮೇಲೆ ಅಧ್ಯಕ್ಷರನ್ನು ಒಬ್ಬರನ್ನೇ ಕಂಡು ಹೇಳಬೇಕೆಂದಿದ್ದೆ. ಅವರ ಸುತ್ತ ಜನ ಬಹಳವಿದ್ದರು.

ರಾಜೇಶ್ವರಿ


ಹುಕ್ಕೇರಿ
1 ಮಾರ್ಚ್ 2025

ರಾಜೇಶ್ವರಿ,

ನಮ್ಮ ದನಿ ನಿಮಗೆ ಬರುವುದಿಲ್ಲ, ನಿಮ್ಮದೆಲ್ಲ ನಮಗೆ ಬರುತ್ತದೆ. ಅಧ್ಯಕ್ಷರ ಪ್ರಶ್ನೆ, ಪ್ರಾಂಶುಪಾಲರ ಉತ್ತರ, ನಗು, ಎಲ್ಲ ಇಲ್ಲಿಯೂ ಕೇಳಿಸಿತು. ಹುಡುಗರಿಗೂ ಕೇಳಿಸಿತು.

ಗುಂಡಿ ಯಾರ ಕೈಯಲ್ಲಿದೆಯೋ ಅವರ ಹೆಸರಿನ ಮುಂದೆ ಪರದೆಯ ಮೂಲೆಯಲ್ಲಿ ‘ಹೋಸ್ಟ್’ ಎಂದಿರುತ್ತದೆ, ಆಗಸ್ಟಿನಿಂದ ನೋಡುತ್ತಲೇ ಬಂದಿದ್ದೇನೆ. ಆ ದಿನವೂ ಅಲ್ಲಿ ನಿನ್ನ ಹೆಸರೇ ಇತ್ತು. ಸಭೆ ಮುಗಿಯುವವರೆಗೂ ಬದಲಾಗಲಿಲ್ಲ. ನಾನು ಡಸ್ಟರ್ ಎತ್ತಿದಾಗ ನಿನ್ನ ಕೈ ಮೌಸಿನ ಮೇಲೆ ಹೋಯಿತು. ಆಮೇಲೆ ನೀರಿನ ಲೋಟ ತೆಗೆದುಕೊಂಡಿತು.

ಮೈಕ್ ತೆರೆಯುವುದಿಲ್ಲ ಎಂದು ಗೊತ್ತಾದ ಮೇಲೂ ನಾನು ಮಾತಾಡಿದೆ. ಹೇಳಬೇಕೆಂದುಕೊಂಡಿದ್ದನ್ನೆಲ್ಲ ಹೇಳಿ ಮುಗಿಸಿದೆ. ಹಿಂದೆ ಕುಳಿತವರು ಕೇಳಿದರು. “ಚಲೋ ಮಾತಾಡಿದ್ರಿ ಮೇಡಂ” ಎಂದಳು ಕಾಜಲ್. ಅವಳ ಬಾಯಲ್ಲಿ ಆ ದಿನ ಕುಚೋದ್ಯ ಇರಲಿಲ್ಲ.

ಸಮಿತಿಯ ತೀರ್ಮಾನ ನಿನ್ನೆ ಬಂತು. ಕೊಠಡಿ ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಸಂಯೋಜಕಿಯೂ ಅನಗತ್ಯ, ಪರದೆ ಹಚ್ಚುವುದನ್ನು ಸಿಪಾಯಿಯೇ ಮಾಡಬಹುದು ಎಂದಿದ್ದಾರೆ. ಇಂದು ನನ್ನ ಕೊನೆಯ ದಿನ. ಮಾಯಪ್ಪ ಬೆಳಿಗ್ಗೆ ಬಂದು, “ಅಕ್ಕಾರ, ನಾ ಒಲ್ಲೆ ಅಂತ ಹೇಳಬೇಕೇನ್ರಿ?” ಎಂದು ಕೇಳಿದ. ನೀನು ಒಲ್ಲೆ ಎಂದರೆ ಇನ್ನೊಬ್ಬನನ್ನು ಹಚ್ಚುತ್ತಾರೆ, ಮಾಡು ಎಂದೆ. ಯಾವ ವೈರು ಎಲ್ಲಿ ಎಂದು ತೋರಿಸಿಕೊಟ್ಟೆ.

ಸಂಜೆ ಕೊನೆಯ ಪಾಠ ಮಾಡಿದೆ. ಬಾಕಿ ಇದ್ದದ್ದು ‘ಅವಕಾಶ ವೆಚ್ಚ’, ಒಂದನ್ನು ಪಡೆಯಲು ಬಿಟ್ಟುಕೊಡಬೇಕಾದ ಇನ್ನೊಂದು. ಬೇಗ ಅರ್ಥವಾಯಿತು ಅವರಿಗೆ. ಬೋರ್ಡ್ ಒರೆಸಲು ಹೊರಟ ಕಾಜಲ್‌ಳನ್ನು ಉಳಿದವರು ತಡೆದರು, ಇರಲಿ ಬಿಡು ಎಂದರು.

ಶೋಭಾ


ಗೋಕಾಕ
12 ಜುಲೈ 2025

ಶೋಭಕ್ಕನವರಿಗೆ ಶರಣು.

ಮಳೆ ಚೆನ್ನಾಗಿ ಆಗಿದೆ. ಫಾಲ್ಸ್ ನೋಡಲು ದಿನಾ ಜನವೋ ಜನ, ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ಹೊಸ ವರ್ಷದ ಪಾಠಗಳು ಶುರುವಾಗಿವೆ. ಈಗ ವಾಣಿಜ್ಯದವರಿಗೂ ಜೋಡು ಕ್ಲಾಸು. ನನಗೆ ಪೂರ್ಣ ನೇಮಕ ಕೊಟ್ಟಿದ್ದಾರೆ. ಹುಕ್ಕೇರಿಯ ಕೊಠಡಿಯಲ್ಲಿ ಮಾಯಪ್ಪ ಪರದೆ ಹಚ್ಚಿ, ಕ್ಯಾಮೆರಾಕ್ಕೆ ಒಮ್ಮೆ ಕೈ ಮುಗಿದು, ಹೊರಗೆ ಹೋಗುತ್ತಾನೆ. ಡಸ್ಟರ್ ಮೇಜಿನ ಮೇಲೇ ಇದೆ. ಯಾರೂ ಎತ್ತುವುದಿಲ್ಲ. ನನ್ನ ಪಾಠ ಬೇಗ ಮುಗಿಯುತ್ತದೆ.

ಜೂನಿನ ಪರೀಕ್ಷೆಯಲ್ಲಿ ಹುಕ್ಕೇರಿಯವರು ಹಿಂದೆ ಬಿದ್ದರು, ಈ ಸಲ ಅರ್ಧದಷ್ಟು ಜನ ನಪಾಸು. “ಈ ಬ್ಯಾಚಿನ ಹುಡುಗರ ಚಲೋ ಇಲ್ಲ ಬಿಡ್ರಿ” ಎಂದರು ಪ್ರಾಂಶುಪಾಲರು. ಹೋದ ಸೆಮಿಸ್ಟರಿನಲ್ಲೂ ಇದೇ ಹುಡುಗರಿದ್ದರು ಎಂದು ಅವರಿಗೆ ಯಾರೂ ನೆನಪು ಮಾಡಲಿಲ್ಲ.

ಕಾಜಲ್ ಹೆಸರು ಎರಡನೇ ವರ್ಷದ ಪಟ್ಟಿಯಲ್ಲಿಲ್ಲ. ಅವಳು ಪಾಸಾಗಿದ್ದಳು. ಮಾಯಪ್ಪನನ್ನು ಕೇಳಿದೆ. “ಆಕಿ ಸಾಲಿ ಬಿಟ್ಲರಿ. ‘ಟಿವಿ ನೋಡಾಕ ಹಿಡಕಲ್ಲಿಂದ ಹುಕ್ಕೇರಿಗಿ ಯಾಕ ಹೋಗಬೇಕು, ಮನ್ಯಾಗ ಇಲ್ಲೇನು’ ಅಂದ್ರಂತ ಅವರಪ್ಪ. ಲಗ್ನದ ಮಾತು ನಡದೈತಂತ್ರಿ.” ಮನೆಯಿಂದಲೇ ಫೋನಿನಲ್ಲಿ ಸೇರಬಹುದಿತ್ತಲ್ಲ ಎಂದೆ. ಮಾಯಪ್ಪ ನನ್ನ ಮುಖ ನೋಡಿ, “ಸೇರಬೌದಿತ್ತರಿ” ಎಂದು ಚೀಲ ಹೆಗಲಿಗೇರಿಸಿದ.

ಈ ಪತ್ರವನ್ನು ನಿಮ್ಮ ಮನೆಗೆ ಮುಟ್ಟಿಸಲು ಅವನಿಗೇ ಹೇಳಿದ್ದೇನೆ. ನೀವು ಯಾವುದೋ ಪ್ರೈಮರಿ ಸಾಲಿಗೆ ಹೋಗುತ್ತಿದ್ದೀರೆಂದು ಕೇಳಿದೆ. ಅಲ್ಲಿ ಹೇಗಿದೆ?

ನಿಮ್ಮ
ರಾಜೇಶ್ವರಿ


ಗೋಕಾಕ
23 ಆಗಸ್ಟ್ 2025

ಶೋಭಕ್ಕ,

ಹೋದ ಪತ್ರವನ್ನು ನಿಮ್ಮ ಕೈಗೇ ಕೊಟ್ಟೆನೆಂದು ಮಾಯಪ್ಪ ಹೇಳಿದ. ಏನಂದರು ಎಂದು ಕೇಳಿದೆ. “ಚಾ ಕುಡದ ಹೋಗಪಾ ಅಂದ್ರು.” ಅವ್ವ ಮಾತ್ರ ಒಳಗಿನಿಂದ, “ಆ ಗೋಕಾಕ ಮೇಡಮ್ಮಗ ಹೇಳು, ಇಲ್ಲಿ ಟಿವಿ ಬಂದ್ ಆಗೇತಿ” ಎಂದರಂತೆ. ಮತ್ತೆ ಬರೆಯಬಾರದೆಂದುಕೊಂಡಿದ್ದೆ. ನಿನ್ನೆ ಆದದ್ದನ್ನು ಇನ್ನು ಯಾರಿಗೂ ಹೇಳಲು ಬರುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಹುಕ್ಕೇರಿಯ ಕ್ಯಾಮೆರಾವನ್ನು ಹೋದ ವಾರ ಸ್ವಲ್ಪ ಬಲಕ್ಕೆ ತಿರುಗಿಸಿದ್ದಾರೆ. ಈಗ ಬೋರ್ಡ್ ಪೂರ್ತಿ ಕಾಣುತ್ತದೆ. ಮೇಲೆ ಮಾರ್ಚ್ ಒಂದರ ತಾರೀಕು, ಕೆಳಗೆ ‘ಅವಕಾಶ ವೆಚ್ಚ’, ಅದರ ಕೆಳಗೆ ನಿಮ್ಮ ಗುಂಡು ಅಕ್ಷರದ ನಾಲ್ಕು ಸಾಲು. ಬೋರ್ಡನ್ನು ಈಗ ಯಾರೂ ಬಳಸುವುದಿಲ್ಲ, ಅದಕ್ಕೇ ಉಳಿದಿದೆ. ವಾರವಿಡೀ ನಾನು ಕ್ಯಾಮೆರಾ ನೋಡಿ ಪಾಠ ಮಾಡಿದ್ದೇನೆ, ಪರದೆ ನೋಡಲಿಲ್ಲ.

ನಿನ್ನೆ ಪಾಠದ ನಡುವೆ ಇಲ್ಲಿಯ ಮೊದಲ ಬೆಂಚಿನವಳೊಬ್ಬಳು, “ಮೇಡಂ, ಹುಕ್ಕೇರಿಯಾಗ ಯಾರೋ ಕೈ ಎತ್ಯಾರ ನೋಡ್ರಿ” ಎಂದಳು. ತಿರುಗಿ ನೋಡಿದರೆ, ಮೊದಲ ವರ್ಷಕ್ಕೆ ಹೊಸದಾಗಿ ಸೇರಿದ ಒಂದು ಹುಡುಗಿ. ಹೆಸರೂ ಸರಿಯಾಗಿ ಗೊತ್ತಿಲ್ಲ. ಡಸ್ಟರ್ ಎತ್ತಿ ಕ್ಯಾಮೆರಾದ ಎದುರು ಹಿಡಿದು ನಿಂತಿದ್ದಳು. ನಮ್ಮ ಸಂಕೇತವನ್ನು ಅವಳಿಗೆ ಯಾರು ಹೇಳಿಕೊಟ್ಟರೋ. ಇಡೀ ತರಗತಿ ನನ್ನ ಕೈಯನ್ನೇ ನೋಡುತ್ತಿದ್ದಂತೆ ಅನಿಸಿತು.

ಗುಂಡಿ ಒತ್ತಿದೆ. ಮೈಕ್ ತೆರೆಯಿತು. ಹುಕ್ಕೇರಿಯ ಫ್ಯಾನಿನ ಸದ್ದು ಬಂತು, ಯಾರೋ ಬೆಂಚು ಸರಿಸಿದ್ದು ಕೇಳಿಸಿತು.

“ಹೇಳವ್ವಾ, ಏನು ಪ್ರಶ್ನೆ?” ಎಂದೆ.

“ಪ್ರಶ್ನೆ ಏನಿಲ್ರಿ ಮೇಡಂ,” ಎಂದಳು. “ಈ ಬೋರ್ಡ್ ಒರಸ್ಲೇನ್ರಿ?”

ಒರಸು ಎಂದೆ.

ರಾಜೇಶ್ವರಿ